ತೆರವು: ಜಾಗದ್ದೋ, ಜನರದ್ದೋ?

ಆಗಸ್ಟ್ ಬಂತೆಂದರೆ ಕಾಬೂಲಿನ ನೆನಪಿನ ಬರಹಗಳು ಬರುತ್ತವೆ. 2021ರಲ್ಲಿ ಕಾಬೂಲು ತಾಲಿಬಾನ್ ಕೈಸೇರಿದ್ದೂ ಅಮೆರಿಕದ ಸೇನೆ ಆಫ್ಘಾನಿಸ್ತಾನ ಬಿಟ್ಟದ್ದೂ ಅದೇ ತಿಂಗಳಲ್ಲಿ. ಅವುಗಳ ಹಿಂದೆಯೇ ‘ಆಫ್ಘನ್ನರ ತೆರವು’ ಎಂಬ ತಲೆಬರಹವೂ ಬರುತ್ತದೆ. ಮೊನ್ನೆ ಓದಿದ ಒಂದೇ ವರದಿಯಲ್ಲಿ ‘ಸೇನೆಯ ತೆರವು’, ‘ನೆಲೆಗಳ ತೆರವು’, ‘ದುಭಾಷಿಗಳ ತೆರವು’ ಮೂರೂ ಸಿಕ್ಕವು. ಇವು ಮೂರು ಬೇರೆ ಬೇರೆ ಕೆಲಸ. ಮೂರಕ್ಕೂ ಬೇರೆ ಬೇರೆ ಜನ ಹೊಣೆ. ಒಂದೇ ಪದದಲ್ಲಿ ಮೂರನ್ನೂ ಕಟ್ಟಿಹಾಕಿದರೆ ಯಾರು ಯಾವುದಕ್ಕೆ ಉತ್ತರ ಕೊಡಬೇಕು ಎಂಬುದೇ ಮರೆಯಾಗುತ್ತದೆ.

ಪದದ ಹುಟ್ಟಿನಿಂದಲೇ ಶುರು ಮಾಡೋಣ. ಹಳಗನ್ನಡದ ‘ತೆಱಪು’ ಮುಂದೆ ‘ತೆರಹು’ ಆಯಿತು, ‘ತೆರವು’ ಆಯಿತು. ಬಾಗಿಲು ತೆರೆಯುವ ‘ತೆಱೆ’ಯ ಬಳಗದ್ದೇ ಪದ. ಅರ್ಥ: ಎಡೆ, ಸಂದು, ಬಿಡುವು. ರಾಮಾಯಣ ಹೇಳಿದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ, ಅಲ್ಲಿ ‘ಕಾಲಿಡಲು ತೆರಪಿಲ್ಲ’ ಎಂದು ಕುಮಾರವ್ಯಾಸ ಹೇಳುವಾಗ ಅವನ ಮನಸ್ಸಿನಲ್ಲಿರುವುದು ಖಾಲಿ ಜಾಗ. ತೆರಪಿಲ್ಲದೆ ಸುರಿಯುವ ಮಳೆ ಎಂದರೆ ನಡುವೆ ಒಂದಿಷ್ಟೂ ಸಂದು ಕೊಡದ ಮಳೆ. ವಚನಗಳ ‘ತೆರಹಿಲ್ಲದ ಘನ’ವೂ ಅಷ್ಟೆ, ನಡುವೆ ಬಿರುಕೇ ಇಲ್ಲದ್ದು. ಜಾಗಕ್ಕೋ ಕಾಲಕ್ಕೋ ಅಂಟಿಕೊಂಡ ಪದ ಇದು, ಮನುಷ್ಯರಿಗೆ ಅಂಟಿದ್ದಲ್ಲ.

ಇವತ್ತಿನ ಬಳಕೆಯೂ ಅದೇ ದಾರಿಯಲ್ಲಿದೆ. ಶಾಸಕರು ತೀರಿಕೊಂಡರೆ ಸ್ಥಾನ ತೆರವಾಗುತ್ತದೆ, ಶಾಸಕರು ತೆರವಾಗುವುದಿಲ್ಲ. ರಾಜಕಾಲುವೆಯ ಒತ್ತುವರಿ ತೆರವಾಗುತ್ತದೆ. ಕೋರ್ಟು ತಡೆಯಾಜ್ಞೆ ತೆರವು ಮಾಡುತ್ತದೆ. ಪಾದಚಾರಿ ಮಾರ್ಗದಿಂದ ಅಂಗಡಿ ತೆರವಾಗುತ್ತದೆ. ಅಲ್ಲಿ ಇರಬಾರದ್ದು ಇತ್ತು, ತೆಗೆದರು, ಜಾಗ ಬಿಡುವಾಯಿತು ಎಂಬುದು ಇವುಗಳಲ್ಲೆಲ್ಲ ಒಳಗೇ ಕೂತಿರುವ ಅರ್ಥ. ಹೀಗಿರುವಾಗ ‘ಆಫ್ಘನ್ನರ ತೆರವು’ ಎಂದು ಬರೆದರೆ, ಅವರು ತಮ್ಮದೇ ಊರಲ್ಲಿ ಒತ್ತುವರಿ ಮಾಡಿ ಕೂತಿದ್ದರು ಎಂಬ ಧ್ವನಿ ಬೇಡವೆಂದರೂ ಬರುತ್ತದೆ.

ಇಂಗ್ಲಿಷಿನ ‘ಇವ್ಯಾಕ್ಯುಯೇಷನ್’ ಕೂಡ ಖಾಲಿ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಬಂತಲ್ಲ, ಅದೂ ಜನರಿಗಿಂತ ಮೊದಲು ಜಾಗಕ್ಕೇ ಇತ್ತಲ್ಲ ಎಂದು ವಾದಿಸುವವರಿದ್ದಾರೆ. ನಿಜ. ಆ ಭಾಷೆಯಲ್ಲಿ ಪದ ಜಾಗದಿಂದ ಜನರಿಗೆ ದಾಟಿಕೊಂಡಿತು. ಕನ್ನಡದಲ್ಲಿ ದಾಟಿಲ್ಲ, ದಾಟಬೇಕಾದ ಅಗತ್ಯವೂ ಇಲ್ಲ. 2022ರಲ್ಲಿ ಯುದ್ಧದ ನಡುವೆ ಉಕ್ರೇನಿನ ಖಾರ್ಕಿವ್‌ನಲ್ಲಿ ಸಿಕ್ಕಿಕೊಂಡಿದ್ದ ವಿದ್ಯಾರ್ಥಿಗಳ ತಂದೆತಾಯಿ ‘ನಮ್ಮ ಮಕ್ಕಳನ್ನು ತೆರವು ಮಾಡಿ’ ಎಂದು ಅಂಗಲಾಚಲಿಲ್ಲ. ‘ಕರ್ಕೊಂಡು ಬನ್ನಿ’ ಎಂದರು. ಕಾಬೂಲಿನ ನೇಟೋ ನೆಲೆಗಳಲ್ಲಿ ಕೆಲಸಕ್ಕಿದ್ದು 2021ರಲ್ಲಿ ಮಂಗಳೂರಿನ ಕಡೆಗೆ ಮರಳಿದವರ ಮನೆಗಳಲ್ಲೂ ಮಾತು ‘ಬಂದು ಮುಟ್ಟಿದರಾ’ ಎಂದೇ. ಕರೆತರುವುದು, ಪಾರುಮಾಡುವುದು, ಸುರಕ್ಷಿತ ಜಾಗಕ್ಕೆ ಸಾಗಿಸುವುದು: ಇವೆಲ್ಲ ನಮ್ಮಲ್ಲಿ ಇವೆ. ಕಚೇರಿ ಭಾಷೆಯೇ ಬೇಕೆಂದರೆ ‘ಸ್ಥಳಾಂತರ’ ಇದೆ.

ಸೇನೆಯ ವಿಷಯಕ್ಕೆ ಬಂದರೆ ‘ವಾಪಸಾತಿ’ ಸಾಕು. ‘ಹಿಮ್ಮೆಟ್ಟು’ ಎಂದರೆ ಎದುರಿನಿಂದ ಒತ್ತಡ ಇರಬೇಕು. ‘ಪಲಾಯನ’ ಅಂಥ ಪದವನ್ನು ವರದಿಯಲ್ಲಿ ಹಾಕುವವರು ತೀರ್ಪು ಕೊಡುತ್ತಿದ್ದೇವೆ ಎಂದು ತಿಳಿದು ಹಾಕಲಿ.

ಈಗ ಕಾಬೂಲು. ಅಲ್ಲಿ ಆದದ್ದನ್ನು ನೋಡಿದರೆ ಈ ಪದಗಳನ್ನು ಬೇರೆ ಇಡಲೇಬೇಕು ಅನಿಸುತ್ತದೆ, ಏಕೆಂದರೆ ಅಲ್ಲಿ ತೆರವೇ ಕರೆತರುವುದಕ್ಕೆ ಅಡ್ಡ ಬಂತು.

ಕಾಬೂಲಿಗೆ ಹತ್ತಿರದ ಬಗ್ರಾಮ್ ವಾಯುನೆಲೆಯನ್ನು ಅಮೆರಿಕ 2021ರ ಜುಲೈ ಮೊದಲ ವಾರ ರಾತ್ರೋರಾತ್ರಿ ಬಿಟ್ಟಿತು. ಕರೆಂಟು ತೆಗೆದು ಹೋದರು. ನೆಲೆಯನ್ನು ವಹಿಸಿಕೊಳ್ಳಬೇಕಿದ್ದ ಆಫ್ಘನ್ ಸೇನಾಧಿಕಾರಿಗೆ ಅವರು ಹೋದದ್ದು ಗೊತ್ತಾದದ್ದು ಕೆಲವು ಗಂಟೆಗಳ ಮೇಲೆ. ತೆರವು ಎಂಬ ಲೆಕ್ಕದಲ್ಲಿ ಅದು ಅಚ್ಚುಕಟ್ಟಾದ ಕೆಲಸ. ಆದರೆ ಬಗ್ರಾಮ್‌ನಲ್ಲಿ ಎರಡು ರನ್‌ವೇ ಇದ್ದವು, ಕಾಬೂಲ್ ವಿಮಾನ ನಿಲ್ದಾಣದಲ್ಲಿ ಒಂದೇ. ಆಗಸ್ಟ್ 15ರಂದು ಆಫ್ಘನ್ ಅಧ್ಯಕ್ಷ ಅಶ್ರಫ್ ಘನಿ ದೇಶ ಬಿಟ್ಟು, ತಾಲಿಬಾನ್ ಊರೊಳಗೆ ಬಂದಾಗ ಎಲ್ಲರ ಪಾಲಿಗೆ ಉಳಿದದ್ದು ಆ ಒಂದೇ ರನ್‌ವೇ.

ಇನ್ನೊಂದು ಸಂಗತಿ ಇನ್ನೂ ಹತ್ತಿರದ್ದು. ರಾಯಭಾರ ಕಚೇರಿ ಖಾಲಿ ಮಾಡುವಾಗ ಸೂಕ್ಷ್ಮ ಕಾಗದಪತ್ರ ಸುಡುವುದು ನಿಯಮ. ಕಾಬೂಲಿನ ಅಮೆರಿಕ ರಾಯಭಾರ ಕಚೇರಿಯಲ್ಲಿ ಹಾಗೆ ನಾಶವಾದ ಕಾಗದಗಳಲ್ಲಿ ವೀಸಾಕ್ಕೆಂದು ಆಫ್ಘನ್ನರು ಕೊಟ್ಟಿದ್ದ ಪಾಸ್‌ಪೋರ್ಟ್‌ಗಳೂ ಇದ್ದವು. ತಾಲಿಬಾನ್ ಕೈಗೆ ಹೆಸರು ಸಿಗದಿರಲಿ ಎಂಬುದು ಉದ್ದೇಶ. ಆದರೆ ಪಾಸ್‌ಪೋರ್ಟ್ ಇಲ್ಲದ ಮನುಷ್ಯ ನಿಲ್ದಾಣದ ಗೇಟಿನಲ್ಲಿ ಏನು ತೋರಿಸಬೇಕು? ಆ್ಯಬಿ ಗೇಟಿನ ಪಕ್ಕದ ಕೊಳಚೆ ಕಾಲುವೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಮೇಲೆ ಗೋಡೆಯ ಹತ್ತಿರವಿದ್ದ ಸೈನಿಕರಿಗೆ ಕಾಣಲೆಂದು ಕಾಗದ ಎತ್ತಿ ಹಿಡಿದವರ ಚಿತ್ರ ನಾವೆಲ್ಲ ನೋಡಿದ್ದೇವೆ. ಅಲ್ಲಿ ಕಾಲಿಡಲು ತೆರಪಿರಲಿಲ್ಲ. ಆಗಸ್ಟ್ 26ರಂದು ಬಾಂಬು ಸಿಡಿದದ್ದು ಅದೇ ಜಾಗದಲ್ಲಿ. 13 ಅಮೆರಿಕನ್ ಯೋಧರು, ಸುಮಾರು 170 ಆಫ್ಘನ್ನರು ಸತ್ತರು.

ಹೊಣೆಯ ಮಾತು ಜಾರುವುದು ಇಲ್ಲಿಂದ. ವಾಪಸಾತಿಯ ನಿರ್ಧಾರಕ್ಕೆ ಉದ್ದ ಕಥೆ ಇದೆ. 2020ರ ಫೆಬ್ರುವರಿ 29ರಂದು ಟ್ರಂಪ್ ಸರ್ಕಾರ ದೋಹಾದಲ್ಲಿ ತಾಲಿಬಾನ್ ಜೊತೆ ಒಪ್ಪಂದ ಮಾಡಿಕೊಂಡಿತು, ಆಫ್ಘನ್ ಸರ್ಕಾರವನ್ನು ಹೊರಗಿಟ್ಟು. 2021ರ ಮೇ 1ರ ಗಡುವು ಬಂದದ್ದು ಅಲ್ಲಿಂದ. 5,000 ತಾಲಿಬಾನ್ ಕೈದಿಗಳ ಬಿಡುಗಡೆಯೂ ಅಲ್ಲಿಯ ಮಾತೇ. ಟ್ರಂಪ್ ಇಳಿಯುವ ಹೊತ್ತಿಗೆ ಉಳಿದಿದ್ದವರು 2,500 ಯೋಧರು. ಬೈಡನ್ ಏಪ್ರಿಲ್ 14ರಂದು ವಾಪಸಾತಿಯನ್ನು ಖಚಿತ ಮಾಡಿ ಗಡುವನ್ನಷ್ಟೇ ಮುಂದೂಡಿದರು. ಇದು ಇಬ್ಬರ ಕೈಯೂ ಇರುವ ನಿರ್ಧಾರ.

ಕರೆತರುವ ಕೆಲಸದ ಕಥೆ ಬೇರೆ. ಅಮೆರಿಕನ್ನರಿಗೆ ಕೆಲಸ ಮಾಡಿದ ಆಫ್ಘನ್ನರಿಗೆ ವಿಶೇಷ ವೀಸಾ ಕೊಡುವ ಕಾನೂನು 2009ರದ್ದು. ಅರ್ಜಿ ಒಂಬತ್ತು ತಿಂಗಳಲ್ಲಿ ಇತ್ಯರ್ಥವಾಗಬೇಕು ಎಂದು ಅಮೆರಿಕದ ಸಂಸತ್ತೇ ಹೇಳಿತ್ತು, ವರ್ಷಗಟ್ಟಲೆ ಹಿಡಿಯುತ್ತಿತ್ತು. ಕೆಲಸ ಕೊಟ್ಟ ಗುತ್ತಿಗೆ ಕಂಪನಿ ಮುಚ್ಚಿಹೋಗಿದ್ದರೂ ಅದರ ಪತ್ರ ತರಬೇಕು, ಮೇಲ್ವಿಚಾರಕ ಅಮೆರಿಕನ್ನನನ್ನು ಹುಡುಕಿ ಶಿಫಾರಸು ಬರೆಸಬೇಕು. 2021ರ ಬೇಸಿಗೆಯಲ್ಲಿ ಸುಮಾರು 18,000 ಅರ್ಜಿ ಬಾಕಿ ಇದ್ದವು. ವಾಪಸಾತಿ ಸರಿಯೆನ್ನುವವರೂ ತಪ್ಪೆನ್ನುವವರೂ ಉತ್ತರಿಸಬೇಕಾದ ಪ್ರಶ್ನೆ ಇದು: ಏಪ್ರಿಲ್‌ನಲ್ಲೇ ಹೊರಡುವುದು ಖಚಿತವಾಗಿದ್ದರೆ ಇವರನ್ನು ಹೊತ್ತ ಮೊದಲ ವಿಮಾನ ಹಾರಿದ್ದು ಜುಲೈ ಕೊನೆಗೆ ಯಾಕೆ?

ಈ ಪ್ರಶ್ನೆಗೆ ‘ಕೊನೆಯಿಲ್ಲದ ಯುದ್ಧ ನಿಲ್ಲಿಸಲೇಬೇಕಿತ್ತು’ ಎಂಬ ಉತ್ತರ ಬಂದರೆ ಅದು ವಾಪಸಾತಿಗೆ ಕೊಟ್ಟ ಸಮರ್ಥನೆ. ‘17 ದಿನದಲ್ಲಿ 1.2 ಲಕ್ಷಕ್ಕೂ ಹೆಚ್ಚು ಜನರನ್ನು ಹೊರತಂದೆವು’ ಎಂದರೆ ಅದು ಪೈಲಟ್‌ಗಳಿಗೆ, ಗೇಟಿನಲ್ಲಿ ನಿಂತ ಯೋಧರಿಗೆ ಸಲ್ಲಬೇಕಾದ ಮೆಚ್ಚುಗೆ. ಎರಡೂ ನಿಜವಿರಬಹುದು, ಕೇಳಿದ್ದಕ್ಕೆ ಉತ್ತರವಲ್ಲ. ಬೈಡನ್ ವಿರೋಧಿಗಳೂ ಇದನ್ನೇ ತಿರುಗಿಸಿ ಮಾಡಿದರು: ಗೇಟಿನ ಸಾವುಗಳನ್ನು ಮುಂದಿಟ್ಟು ದೋಹಾದ ಸಹಿಯನ್ನು ಹಿಂದಕ್ಕೆ ಸರಿಸಿದರು. 2023ರ ಏಪ್ರಿಲ್‌ನಲ್ಲಿ ಶ್ವೇತಭವನ ಹೊರಡಿಸಿದ ಸಾರಾಂಶ ಹಿಂದಿನವರತ್ತ ಬೆರಳು ಮಾಡಿತು. 2024ರ ಸೆಪ್ಟೆಂಬರ್‌ನ ರಿಪಬ್ಲಿಕನ್ನರ ವರದಿ ಬೈಡನ್ ಆಡಳಿತದತ್ತ. ನಡುವೆ ವಿದೇಶಾಂಗ ಇಲಾಖೆಯದೇ ಪರಿಶೀಲನೆ, ಅತಿ ಕೆಟ್ಟ ಪರಿಸ್ಥಿತಿ ಬಂದರೆ ಏನು ಎಂದು ಎರಡೂ ಸರ್ಕಾರಗಳ ಮೇಲಿನವರು ಸಾಕಷ್ಟು ಯೋಚಿಸಲಿಲ್ಲ ಎಂದು ಬರೆಯಿತು. ಹೆಚ್ಚು ಸದ್ದಾಗದೆ ಹೋದದ್ದು ಅದೇ. ಸೆನೆಟ್ ಮುಂದೆ, ಆಗ ಅಮೆರಿಕದ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರಾಗಿದ್ದ ಜನರಲ್ ಮಾರ್ಕ್ ಮಿಲೀ ಸಾಗಣೆಯಾಗಿ ಇದು ಯಶಸ್ಸು, ರಣನೀತಿಯಾಗಿ ಸೋಲು ಎಂದಾಗ ಎರಡನ್ನು ಬೇರ್ಪಡಿಸಿದ್ದರು. ನಮ್ಮ ಅನುವಾದಗಳಲ್ಲಿ ಅದೂ ‘ತೆರವು ವಿಫಲ’ ಎಂದು ಬಂತು ಎಂದರೆ ಏನು ಹೇಳುವುದು?

ವಿಯೆಟ್ನಾಂ ಯುದ್ಧದ ಕೊನೆಯ ಸೈಗಾನ್ ಜೊತೆ ಹೋಲಿಸುವವರಿಗೂ ಒಂದು ಮಾತು. ಅಲ್ಲಿ ಅಮೆರಿಕದ ಯುದ್ಧಪಡೆ ಮರಳಿದ್ದು 1973ರ ಮಾರ್ಚ್‌ನಲ್ಲಿ. ಹೆಲಿಕಾಪ್ಟರ್‌ಗಳು ಜನರನ್ನು ಹೊತ್ತದ್ದು 1975ರ ಏಪ್ರಿಲ್ 29, 30ರಂದು. ನಡುವೆ ಎರಡು ವರ್ಷ. ಹೆಲಿಕಾಪ್ಟರ್ ಹತ್ತಲು ಜನ ಸಾಲುಗಟ್ಟಿದ ಆ ಪ್ರಸಿದ್ಧ ಚಿತ್ರದ ಚಾವಣಿ ರಾಯಭಾರ ಕಚೇರಿಯದೂ ಅಲ್ಲ, ಊರೊಳಗಿನ ಒಂದು ವಸತಿ ಕಟ್ಟಡದ್ದು. ಅಲ್ಲಿ ಬೇರೆ ಬೇರೆಯಾಗಿ ನಡೆದ ವಾಪಸಾತಿ, ಸ್ಥಳಾಂತರ ಎರಡೂ ಕಾಬೂಲಿನಲ್ಲಿ ಅದೇ ಹದಿನೇಳು ದಿನದೊಳಗೆ ಸಿಕ್ಕಿಬಿದ್ದವು.

ಎರಡನ್ನೂ ಬೇರೆ ಇಟ್ಟು ನೋಡಿದ ಸಂಸತ್ತು ನೆದರ್‌ಲ್ಯಾಂಡ್ಸ್‌ನದು. ಡಚ್ ಪಡೆಗೆ ಕೆಲಸ ಮಾಡಿದ ಆಫ್ಘನ್ನರನ್ನು ಕರೆತರುವುದನ್ನು ಸರ್ಕಾರ ಹೇಗೆ ನಿಭಾಯಿಸಿತು ಎಂಬುದರ ಮೇಲೆಯೇ ಅಲ್ಲಿ ಖಂಡನಾ ನಿರ್ಣಯ ಪಾಸಾಯಿತು. ವಿದೇಶಾಂಗ ಸಚಿವೆ ಸಿಗ್ರಿಡ್ ಕಾಗ್ 2021ರ ಸೆಪ್ಟೆಂಬರ್ 16ರಂದು ರಾಜೀನಾಮೆ ಕೊಟ್ಟರು. ರಕ್ಷಣಾ ಸಚಿವೆ ಆಂಕ್ ಬೈಲವೆಲ್ಡ್ ಮರುದಿನ.

ಉಳಿದದ್ದು ಆ ಜನರನ್ನು ಕರೆಯುವ ಹೆಸರು. ‘ಮಿತ್ರರು’ ಎಂದರೆ ನಮ್ಮ ಪತ್ರಿಕೆ ಓದುವವರಿಗೆ ಬ್ರಿಟನ್, ಜರ್ಮನಿ ನೆನಪಾಗುತ್ತವೆ. ‘ಸಹಚರರು’ ಅಪರಾಧ ವರದಿಯ ಪದ, ದಯವಿಟ್ಟು ಬೇಡ. ದುಭಾಷಿ, ಚಾಲಕ, ಅಡುಗೆಯವರು, ಕಾವಲುಗಾರ ಎಂದು ಕೆಲಸ ಹೇಳಿಯೇ ಬರೆಯಬಹುದು. ಒಟ್ಟಾಗಿ ಹೇಳಬೇಕೆಂದರೆ ‘ಜೊತೆಗೆ ದುಡಿದವರು’. 2025ರ ಜನವರಿಯಲ್ಲಿ ಅಮೆರಿಕ ನಿರಾಶ್ರಿತರ ಪ್ರವೇಶ ನಿಲ್ಲಿಸಿದಾಗ, ಹೊರಡಲು ಅನುಮತಿ ಸಿಕ್ಕಿದ್ದ ಸಾವಿರಕ್ಕೂ ಹೆಚ್ಚು ಆಫ್ಘನ್ನರ ವಿಮಾನ ರದ್ದಾಯಿತು. ಆ ಸುದ್ದಿಗೂ ಒಂದು ಕಡೆ ‘ತೆರವಿಗೆ ತಡೆ’ ಎಂಬ ತಲೆಬರಹ ಕಂಡೆ.