ಜೋಳದ ಚೀಲದ ಹಿಂದೆ ಬಂದ ಬೆಕ್ಕು

ವಿಜಯಪುರದಲ್ಲಿ ಅಡತಿ ಅಂಗಡಿ ಇದ್ದಲ್ಲಿ ಬೆಕ್ಕು ಇದ್ದೇ ಇರುತ್ತದೆ. ಚೀಲದ ಥಪ್ಪಿಯ ಮೇಲೆ ಮುಂಗಾಲು ಮಡಚಿಕೊಂಡು, ಅರ್ಧ ಕಣ್ಣು ಮುಚ್ಚಿ ಕೂತಿರುತ್ತದೆ. ಕಿವಿ ಮಾತ್ರ ತಿರುಗುತ್ತಲೇ ಇರುತ್ತದೆ. ನಮ್ಮ ಕಿವಿಗೆ 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ಹೆಚ್ಚು. ಬೆಕ್ಕಿಗೆ 60ರ ಆಚೆಗೂ ಕೇಳುತ್ತದೆ. ಚೀಲದ ಸಂದಿಯಲ್ಲಿ ಇಲಿಮರಿ ಕೀಚಲು ದನಿಯಲ್ಲಿ ಅವ್ವನನ್ನು ಕರೆದರೆ ನಮಗೆ ಗೊತ್ತೇ ಆಗುವುದಿಲ್ಲ, ಅದಕ್ಕೆ ಗೊತ್ತಾಗುತ್ತದೆ. ಇಂಥ ಬೆಕ್ಕನ್ನು ಬಹಳ ಸಲ ಯಾರೂ ತಂದು ಸಾಕಿರುವುದಿಲ್ಲ. ತಾನಾಗಿಯೇ ಬಂದಿರುತ್ತದೆ.

ಬೆಕ್ಕು ಮನುಷ್ಯನ ಹತ್ತಿರ ಬಂದ ಕತೆಯೂ ಇದೇ. ಆಕಳು, ಎತ್ತು, ಕುರಿಗಳನ್ನು ನಾವು ಹಿಡಿದು ಪಳಗಿಸಿದೆವು. ಬೆಕ್ಕಿನ ವಿಷಯದಲ್ಲಿ ಹಾಗಾಗಲಿಲ್ಲ. ಪಶ್ಚಿಮ ಏಷ್ಯಾದಲ್ಲಿ ಸುಮಾರು 10,000 ವರ್ಷಗಳ ಹಿಂದೆ ಜನ ಕಾಳು ಬೆಳೆದು ಕೂಡಿಡಲು ಶುರು ಮಾಡಿದರು. ಕಾಳಿಗೆ ಇಲಿ ಬಂತು, ಇಲಿಗೆ ಕಾಡಿನ ಬೆಕ್ಕು ಬಂತು. ಮನುಷ್ಯರನ್ನು ಕಂಡು ಜಾಸ್ತಿ ಬೆದರದ ಬೆಕ್ಕುಗಳು ಅಲ್ಲೇ ಉಳಿದವು, ಅಲ್ಲೇ ಮರಿ ಹಾಕಿದವು. 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಜಗತ್ತಿನ ಸಾಕುಬೆಕ್ಕುಗಳೆಲ್ಲ 'ಫೆಲಿಸ್ ಲಿಬಿಕಾ' ಎಂಬ ಒಂದೇ ಕಾಡುಬೆಕ್ಕಿನ ಸಂತತಿ ಎಂದು ತೋರಿಸಿತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕೊಂದು ಸಿಕ್ಕಿದೆ. ಅದಕ್ಕೆ 9,500 ವರ್ಷ. ಆ ದ್ವೀಪದಲ್ಲಿ ಮೂಲದಿಂದ ಬೆಕ್ಕುಗಳಿರಲಿಲ್ಲ. ಯಾರೋ ದೋಣಿಯಲ್ಲಿ ಕರೆದೊಯ್ದಿರಬೇಕು.

ನಮ್ಮ ಉಪಖಂಡದ ಒಂದು ಸಾಕ್ಷಿ ನನಗೆ ತುಂಬಾ ಇಷ್ಟ. ಸಿಂಧೂ ನಾಗರಿಕತೆಯ ಚನ್ಹುದಾರೋದಲ್ಲಿ ಸಿಕ್ಕ ಇಟ್ಟಿಗೆ ಅದು. ಇಟ್ಟಿಗೆ ಇನ್ನೂ ಹಸಿಯಾಗಿದ್ದಾಗ ಅದರ ಮೇಲೆ ಬೆಕ್ಕೊಂದು ಓಡಿದೆ. ಹಿಂದೆಯೇ ನಾಯಿಯೂ ಓಡಿದೆ. ಎರಡರ ಹೆಜ್ಜೆಗಳೂ ಹಾಗೇ ಉಳಿದುಬಿಟ್ಟಿವೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಜಗಳ!

ಈಗ ನಮ್ಮೂರಿಗೆ ಬರೋಣ. 1490ರಿಂದ 1686ರವರೆಗೆ ಇದು ಆದಿಲಶಾಹಿಗಳ ರಾಜಧಾನಿ. ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆ, ಒಳಗೆ ಸೈನ್ಯ, ಕುದುರೆ, ಪೇಟೆ. ಇಷ್ಟು ಬಾಯಿಗಳಿಗೆ ಎಷ್ಟು ಕಾಳು ಬೇಕು, ಲೆಕ್ಕ ಹಾಕಿ. ಔರಂಗಜೇಬನ ಸೈನ್ಯ ಮುತ್ತಿಗೆ ಹಾಕಿದಾಗ ಊರು ಒಂದು ವರ್ಷಕ್ಕೂ ಮೇಲೆ ತಡೆದು ನಿಂತಿತು ಅಂದರೆ, ಆ ಬಲದಲ್ಲಿ ಕೂಡಿಟ್ಟ ಕಾಳಿನದೂ ಪಾಲಿದೆ. ಕಾಳು ಅಷ್ಟಿದ್ದ ಊರಲ್ಲಿ ಬೆಕ್ಕಿಗೆ ಕೆಲಸ ಕಡಿಮೆ ಇರಲು ಸಾಧ್ಯವೇ ಇಲ್ಲ. ಮನೆಯಲ್ಲಿ ಅದಕ್ಕೆ ಅಡ್ಡಿಯೂ ಇರಲಿಲ್ಲ. ಬೆಕ್ಕು ಬಾಯಿ ಹಾಕಿದ ನೀರು ಮೈಲಿಗೆಯಲ್ಲ, ಅದು ನಿಮ್ಮ ನಡುವೆ ಓಡಾಡಿಕೊಂಡಿರುವ ಪ್ರಾಣಿ ಎನ್ನುವ ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ಮಾತು, ಇದೆ. ಇವತ್ತಿಗೂ ದರ್ಗಾಗಳ ಅಂಗಳದಲ್ಲಿ ಬೆಕ್ಕನ್ನು ಯಾರೂ ಓಡಿಸುವುದಿಲ್ಲ.

ಆದರೆ ನಮ್ಮ ರೈತರ ಹತ್ತಿರ ಬೆಕ್ಕಿಗಿಂತ ದೊಡ್ಡ ಉಪಾಯ ಒಂದಿತ್ತು, ಹಗೇವು. ನೆಲದೊಳಗೆ ಗುಂಡಿ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅಲ್ಲಿ ಹುಳವೂ ಬದುಕುವುದಿಲ್ಲ, ಇಲಿಯೂ ಬದುಕುವುದಿಲ್ಲ. ಮನುಷ್ಯನೂ ಅಷ್ಟೇ. ಬಾಯಿ ತೆಗೆದು ಗಾಳಿಯಾಡಲು ಬಿಡದೆ ಅವಸರದಲ್ಲಿ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಹಗೇವಿನ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅಲ್ಲಿ ಬೆಕ್ಕಿಗೆ ಕೆಲಸವೇ ಇಲ್ಲ.

1880ರ ದಶಕದಲ್ಲಿ ರೈಲು ಬಂತು. ಕಾಳು ಗೋಣಿಚೀಲ ಸೇರಿ ಗೋದಾಮಿನಲ್ಲಿ ಕೂತಿತು, ಊರಿಂದೂರಿಗೆ ಓಡಾಡಿತು. ಚೀಲದ ಜೊತೆ ಇಲಿ, ಇಲಿಯ ಮೈಮೇಲೆ ಚಿಗಟ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಬೇಗನೆ ನಮ್ಮ ಭಾಗಕ್ಕೂ ಇಳಿಯಿತು. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಹಾಗೆ ಮಾಡಿದ್ದು ಸರಿಯೇ ಆಗಿತ್ತು. ಇಲಿ ಸತ್ತು ತಣ್ಣಗಾದ ಮೇಲೆ ಹಸಿದ ಚಿಗಟ ಮನುಷ್ಯನ ಮೈಗೆ ಹಾರುತ್ತದೆ. ಚಿಗಟದ ಈ ಪಾತ್ರವನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋನ್ 1898ರಲ್ಲಿ ಕರಾಚಿಯಲ್ಲಿ ಕಂಡುಹಿಡಿದ. ಕೆಲವೇ ವರ್ಷಗಳ ನಂತರ ವಿದರ್ಭದಲ್ಲಿದ್ದ ವೈದ್ಯ ಆಂಡ್ರ್ಯೂ ಬುಕಾನನ್, ಬೆಕ್ಕು ಜಾಸ್ತಿ ಇರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ, ಹಾಗಾಗಿ ಮನೆಮನೆಗೆ ಬೆಕ್ಕು ಸಾಕಿ ಎಂದು ವಾದಿಸಿದ. ಇಲಿ ಮನೆ ಸೇರದಂತೆ ಬೆಕ್ಕು ತಡೆದರೆ ಲಾಭವೇ. ಆದರೆ ರೋಗದ ಇಲಿಯನ್ನು ತಿಂದರೆ ಬೆಕ್ಕಿಗೂ ಪ್ಲೇಗು ಬರುತ್ತದೆ, ಅದರಿಂದ ಮನುಷ್ಯನಿಗೂ ಬರುತ್ತದೆ. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತೆಗೆದುಕೊಂಡು ಹೋದ ರೋಗಕ್ಕೆ ಬೆಕ್ಕು ಮದ್ದಾಗಲಿಲ್ಲ.

ಇವತ್ತಿನ ಊರಲ್ಲಂತೂ ಬೆಕ್ಕಿನ ಎದುರಾಳಿಯೇ ಬದಲಾಗಿದೆ. ಮನೆಯ ಚಿಟ್ಟಿಲಿ 20 ಗ್ರಾಂ ಇದ್ದರೆ ಹೆಚ್ಚು. ಗಟಾರದ ಹೆಗ್ಗಣ ಅರ್ಧ ಕಿಲೋ ದಾಟಬಹುದು, ತಿರುಗಿ ಬಿದ್ದರೆ ಕಚ್ಚಿ ಹರಿಯುತ್ತದೆ. ನ್ಯೂಯಾರ್ಕಿನ ಕಸದ ಘಟಕವೊಂದರಲ್ಲಿ ವಿಜ್ಞಾನಿಗಳು ಕ್ಯಾಮೆರಾ ಇಟ್ಟು 79 ದಿನ ನೋಡಿದರು. ಅಲ್ಲಿ ನೂರಕ್ಕೂ ಹೆಚ್ಚು ದೊಡ್ಡ ಇಲಿಗಳಿದ್ದವು. ಬೆಕ್ಕುಗಳು ಕೊಂದಿದ್ದು ಎರಡನ್ನು ಮಾತ್ರ. ಇದು 2018ರ ವರದಿ. ನಮ್ಮ ಮಾಂಸದಂಗಡಿಗಳ ಹಿಂದೆ ಕಸದ ಗುಡ್ಡೆಯ ಒಂದು ಬದಿಗೆ ಬೆಕ್ಕು, ಇನ್ನೊಂದು ಬದಿಗೆ ಹೆಗ್ಗಣ ಸುಮ್ನೆ ತಿನ್ನುತ್ತಿರುವುದನ್ನು ನೀವೂ ನೋಡಿರಬಹುದು. ಅದನ್ನು ಸೋಮಾರಿತನ ಅನ್ನಬಾರದು. ಪುಕ್ಕಟೆ ಊಟ ಸಿಗುವಾಗ ಮೈ ಹರಿದುಕೊಳ್ಳುವುದು ಯಾಕೆ, ಅಲ್ವಾ?

ಮನೆಯ ಬೆಕ್ಕಿಗೆ ನಾವು ಹಾಲು-ರೊಟ್ಟಿ ಹಾಕುತ್ತೇವೆ. ಪ್ರೀತಿಯಿಂದಲೇ ಹಾಕುತ್ತೇವೆ. ಆದರೆ ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸದಿಂದಲೇ ಬರಬೇಕು. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲೂ ಅರಗುವುದಿಲ್ಲ. ರೊಟ್ಟಿ ತಿಂದ ಮೇಲೂ ಬೆಕ್ಕು ಇಲಿ ಹುಡುಕುವುದನ್ನು ಬರೀ ಚಟ ಅಂದುಕೊಳ್ಳಬೇಡಿ. ಬಟ್ಟಲಲ್ಲಿ ಒಂದಿಷ್ಟು ಮಾಂಸವೋ ಮೀನೋ ಇರಲಿ, ಕುಡಿಯಲು ನೀರಿರಲಿ.

ಊರ ಹೊರಗಿನ ಜೋಳದ, ಕಬ್ಬಿನ ಹೊಲಗಳಲ್ಲಿ ಇನ್ನೊಂದು ಬೆಕ್ಕಿದೆ. ಉದ್ದ ಕಾಲು, ಮೋಟು ಬಾಲ, ಕಿವಿಯ ತುದಿಯಲ್ಲಿ ಕಪ್ಪು ಕೂದಲು. ಇದು ನಮ್ಮ ನೆಲದ ಕಾಡುಬೆಕ್ಕು, ಬೇರೆಯೇ ಜಾತಿ. ದಿನವೂ ಹೊಲದ ಇಲಿಗಳನ್ನು ಹಿಡಿದು ರೈತನಿಗೆ ಸಂಬಳವಿಲ್ಲದೆ ದುಡಿಯುತ್ತದೆ. ಕಬ್ಬು ಕಡಿಯುವಾಗ ರವದಿಯ ಮಧ್ಯೆ ಇದರ ಮರಿಗಳು ಸಿಗುತ್ತವೆ. ತಾಯಿಯಿಲ್ಲದ ಬೆಕ್ಕಿನ ಮರಿ ಎಂದುಕೊಂಡು ಜನ ಮನೆಗೆ ಒಯ್ಯುತ್ತಾರೆ. ದಯವಿಟ್ಟು ಒಯ್ಯಬೇಡಿ. ತಾಯಿ ಹತ್ತಿರದಲ್ಲೇ ಎಲ್ಲೋ ಅಡಗಿರುತ್ತದೆ. ಮರಿಗಳನ್ನು ಸಿಕ್ಕಲ್ಲೇ ಬದುವಿನ ನೆರಳಿಗಿಟ್ಟು, ಆ ಸಾಲು ಬಿಟ್ಟು ದೂರ ಸರಿಯಿರಿ. ಕತ್ತಲಾದ ಮೇಲೆ ಅದು ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋಗುತ್ತದೆ. ಮಾರನೇ ದಿನವೂ ಅಲ್ಲೇ ಇದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.