ಏಪ್ರಿಲ್ ಸಂಭ್ರಮದ ಹಿಂದೆ ಒಂದು ಅರ್ಜಿ ಫಾರಂ

ಏಪ್ರಿಲ್ ಬಂತೆಂದರೆ ಅಮೆರಿಕದ ಹಲವು ಕ್ಯಾಂಪಸ್‌ಗಳಲ್ಲಿ ದಬ್ಕೆ ಕುಣಿತ, ಅರಬಿ ಕ್ಯಾಲಿಗ್ರಫಿ, ಇರಾನ್ ಮತ್ತು ಮೊರಾಕ್ಕೊದ ಅಡುಗೆ ಜೋರು. ನೈಋತ್ಯ ಏಷ್ಯಾ ಮತ್ತು ಉತ್ತರ ಆಫ್ರಿಕಾ ಮೂಲದ ವಿದ್ಯಾರ್ಥಿಗಳ ಸಂಭ್ರಮವಿದು. ಚಿಕ್ಕದಾಗಿ 'ಸ್ವಾನಾ' ಅಂತಾರೆ. ನೋಡುವವರಿಗೆ ಇದು ಊಟ, ಹಾಡು, ಕುಣಿತ ಅಷ್ಟೇ. ಇದರ ಹಿಂದಿರುವ ಜಗಳ ಮಾತ್ರ ಪ್ರವೇಶ ಅರ್ಜಿಯಲ್ಲಿ ಜನಾಂಗ ಕೇಳುವ ಒಂದು ಕಾಲಂ ಬಗ್ಗೆ.

ಅಮೆರಿಕದ ಪೌರತ್ವಕ್ಕೆ ಮೈಬಣ್ಣ ನೋಡುತ್ತಿದ್ದ ಕಾಲವೊಂದಿತ್ತು. 1915ರಲ್ಲಿ ಸಿರಿಯಾದ ಜಾರ್ಜ್ ಡೌ 'ಬಿಳಿಯ' ಎಂದು ಕೋರ್ಟ್ ಒಪ್ಪಿತು. 1942ರಲ್ಲಿ ಯೆಮನ್‌ನ ಅಹ್ಮದ್ ಹಸನ್‌ಗೆ ಇನ್ನೊಂದು ಕೋರ್ಟ್ ಅಲ್ಲ ಎಂದಿತು. ನಮ್ಮವರಿಗೂ ಈ ಬಿಸಿ ತಟ್ಟಿದೆ: 1923ರಲ್ಲಿ ಭಗತ್ ಸಿಂಗ್ ತಿಂದ್ ಇದೇ ಕಾರಣಕ್ಕೆ ಸುಪ್ರೀಂ ಕೋರ್ಟಿನಲ್ಲಿ ಸೋತರು. ಮುಂದೆ 1977ರ ಸರ್ಕಾರಿ ನಿಯಮ ಭಾರತೀಯರನ್ನು ಏಷ್ಯನ್ನರ ಜೊತೆ ಸೇರಿಸಿತು. ಅರಬರು, ಇರಾನಿಯರು ಬಿಳಿಯರ ಲೆಕ್ಕದಲ್ಲೇ ಉಳಿದರು.

ಹೀಗಾಗಿ ಅಲ್ಲಿನ ಕನ್ನಡಿಗರ ಮಗಳು ಫಾರಂನಲ್ಲಿ 'ಏಷ್ಯನ್' ಎಂದು ಗುರುತು ಹಾಕುತ್ತಾಳೆ. ಪಕ್ಕದ ಮನೆಯ ಇರಾನಿ ಗೆಳತಿ 'ಬಿಳಿಯ' ಎಂದೇ ಹಾಕಬೇಕಿತ್ತು. 2001ರ ದಾಳಿಯ ನಂತರವಂತೂ ಇದು ತೀರಾ ಕಷ್ಟದ ಸ್ಥಿತಿಯಾಯಿತು. 2002-03ರಲ್ಲಿ 25 ದೇಶಗಳಿಂದ ಬಂದ ಗಂಡಸರಿಗೆ ವಿಶೇಷ ನೋಂದಣಿ ಕಡ್ಡಾಯವಾಯಿತು. ಅವುಗಳಲ್ಲಿ ಬಹುತೇಕ ಮುಸ್ಲಿಮರೇ ಹೆಚ್ಚಿರುವ ದೇಶಗಳು. ಅನುಮಾನಪಡಲು ಮಾತ್ರ ಬೇರೆ ಗುಂಪು, ನೆರವಿನ ಲೆಕ್ಕಕ್ಕೆ ಬಿಳಿಯರು. ಇದನ್ನು ಸಹಿಸಿಕೊಳ್ಳುವುದು ಹೇಗೆ, ಹೇಳಿ.

ತಿರುವು ಸಿಕ್ಕಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಏಷ್ಯನ್ ವಿದ್ಯಾರ್ಥಿಗಳು 'ನಮ್ಮನ್ನೂ ಎಣಿಸಿ' ಎಂದು ಚಳವಳಿ ಮಾಡಿ, 2007ರಲ್ಲಿ ಅರ್ಜಿಯಲ್ಲಿ ತಮ್ಮ ಸಮುದಾಯಗಳ ಪಟ್ಟಿಯನ್ನು ದೊಡ್ಡದು ಮಾಡಿಸಿದ್ದರು. ಲಾಸ್ ಏಂಜಲೀಸ್ ಕ್ಯಾಂಪಸ್‌ನ ಅರಬ್ ವಿದ್ಯಾರ್ಥಿಗಳು ಅದೇ ದಾರಿ ಹಿಡಿದರು. 2009ರಲ್ಲಿ ಪ್ರತ್ಯೇಕ ಕಾಲಂ ಕೇಳಿದರು. ಭಾಷೆ, ಧರ್ಮ ಬೇರೆಯಾದ ಇರಾನಿ, ಅಫ್ಘನ್, ಆರ್ಮೇನಿಯನ್ ವಿದ್ಯಾರ್ಥಿಗಳ ಹೆಸರೂ ಈ ಬೇಡಿಕೆಗೆ ಸೇರಿಕೊಂಡಿತು. ಇಷ್ಟು ಬೇರೆಬೇರೆ ಜನ ಒಂದೇ ಹೆಸರಿನಡಿ ಬಂದದ್ದು ಸಣ್ಣ ಮಾತಲ್ಲ. ಅವರ ಕೇಳಿಕೆಯೂ ನ್ಯಾಯವಾದದ್ದೇ. ಎಷ್ಟು ಮಂದಿ ಇದ್ದಾರೆ, ಎಷ್ಟು ಮಂದಿ ಓದು ಬಿಡುತ್ತಿದ್ದಾರೆ ಎಂಬುದೇ ಗೊತ್ತಿಲ್ಲದಿದ್ದರೆ ವಿದ್ಯಾರ್ಥಿವೇತನ, ಕೌನ್ಸೆಲರ್ ಬೇಕೆಂದು ಯಾವ ಆಧಾರದಲ್ಲಿ ಕೇಳುವುದು? 2013ರಲ್ಲಿ ವಿಶ್ವವಿದ್ಯಾಲಯ ಒಪ್ಪಿತು.

ಕೇಂದ್ರ ಸರ್ಕಾರ ಇನ್ನೂ ನಿಧಾನ. 2018ರಲ್ಲಿ ಜನಗಣತಿ ಇಲಾಖೆ ಹೊಸ ವರ್ಗ ಬೇಡವೆಂದಿತು. ಆದರೂ 2020ರಲ್ಲಿ ಸುಮಾರು 35 ಲಕ್ಷ ಜನ ತಮ್ಮ ಮೂಲವನ್ನು ಕೈಯಾರೆ ಬರೆದರು. 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಮೂಲದವರಿಗೆ ಪ್ರತ್ಯೇಕ ವರ್ಗ ಬಂತು.

ಕ್ಯಾಂಪಸ್‌ಗಳಲ್ಲಿ ಈಗಿನ ಚಿಂತೆ ಬೇರೆ. 2025ರಿಂದ ಹಲವು ವಿಶ್ವವಿದ್ಯಾಲಯಗಳು ಬೇರೆಬೇರೆ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ನೆರವಾಗುವ ವೈವಿಧ್ಯ ವಿಭಾಗಗಳನ್ನು ಮುಚ್ಚುತ್ತಿವೆ. ಇಂಥ ಸಂಭ್ರಮಗಳಿಗೆ ಜಾಗ, ಹಣ ಕೊಡುತ್ತಿದ್ದುದು ಹೆಚ್ಚಾಗಿ ಅವೇ. ಸುಮ್ನೆ ವೇದಿಕೆ ಕೊಟ್ಟರೆ ಸಾಲದು, ವರ್ಷವಿಡೀ ತೆರೆದಿರುವ ಕೋಣೆ, ಸಂಬಳದ ಸಿಬ್ಬಂದಿ ಬೇಕು. ಹೊಸ ನಿಯಮದಲ್ಲೂ ಆರ್ಮೇನಿಯನ್ನರು, ಸುಡಾನಿಗಳು, ಸೊಮಾಲಿಗಳು ಎಲ್ಲಿ ಸೇರಬೇಕು ಎಂಬುದನ್ನು ಮುಂದಿನ ಅಧ್ಯಯನಕ್ಕೆ ಬಿಡಲಾಗಿದೆ.