ಯಾರೂ ಎಣಿಸದ ಮೀನು ಕಡಿಮೆಯಾಯಿತೆಂದು ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಕಡಲಿನೊಳಗೆ ಎಷ್ಟು ಬಂಗುಡೆ ಇದೆ ಎಂದು ಎಣಿಸಿ ನೋಡಿದವರಿಲ್ಲ. ಆದರೂ ಮಿತಿಮೀರಿ ಹಿಡಿಯುತ್ತಿದ್ದೀರಿ ಎಂದು ವಿಜ್ಞಾನಿಗಳು ಯಾವ ಧೈರ್ಯದ ಮೇಲೆ ಹೇಳುತ್ತಾರೆ?

ಉತ್ತರ: ಎಣಿಸುವುದಿಲ್ಲ, ಅಳೆಯುತ್ತಾರೆ. ದಕ್ಕೆಗೆ, ಅಂದರೆ ಬೋಟುಗಳು ಮೀನು ಇಳಿಸುವ ಜಾಗಕ್ಕೆ, ಬಂದ ಬುಟ್ಟಿಯಿಂದ ದೊಡ್ಡದು ಚಿಕ್ಕದು ಎಂದು ಆರಿಸದೆ ಒಂದಷ್ಟು ಬಂಗುಡೆ ತೆಗೆದು, ಅಳತೆಪಟ್ಟಿಯ ಮೇಲಿಟ್ಟು ಒಂದೊಂದರ ಉದ್ದ ಬರೆದುಕೊಳ್ಳುತ್ತಾರೆ.

ಉದ್ದವೇ ಯಾಕೆ? ಚಳಿ ದೇಶಗಳ ಕಡಲಿನ ಮೀನಿನ ಕಿವಿಯೊಳಗೆ ಒಂದು ಸಣ್ಣ ಕಲ್ಲು ಸಿಗುತ್ತದೆ. ಮರದ ಕಾಂಡದಲ್ಲಿರುವಂತೆ ಅದರಲ್ಲೂ ವರ್ಷಕ್ಕೊಂದು ಬಳೆ; ಎಣಿಸಿದರೆ ವಯಸ್ಸು ಸಿಕ್ಕಿತು. ನಮ್ಮ ಕಡಲಿಗೆ ಚಳಿಗಾಲವೇ ಇಲ್ಲದ್ದರಿಂದ ಆ ಬಳೆಗಳು ಸರಿಯಾಗಿ ಮೂಡುವುದಿಲ್ಲ. ವಯಸ್ಸನ್ನು ಉದ್ದದಿಂದಲೇ ಊಹಿಸಬೇಕು. ಹಿಡಿಯುವುದು ಹೆಚ್ಚಾದಂತೆ ಬೆಳೆದು ದೊಡ್ಡದಾಗುವಷ್ಟು ಕಾಲ ಬದುಕುಳಿಯುವ ಮೀನು ಕಡಿಮೆಯಾಗುತ್ತದೆ, ಬುಟ್ಟಿಯ ಸರಾಸರಿ ಉದ್ದ ಇಳಿಯುತ್ತದೆ. ರೈನರ್ ಫ್ರೋಸೆ ಎಂಬ ಜರ್ಮನ್ ವಿಜ್ಞಾನಿ 2004ರಲ್ಲಿ ಇದನ್ನು ಮೂರು ಪ್ರಶ್ನೆಗೆ ಇಳಿಸಿದರು: ಸಿಕ್ಕ ಮೀನಿನಲ್ಲಿ ಒಮ್ಮೆಯಾದರೂ ಮೊಟ್ಟೆಯಿಡುವಷ್ಟು ಬೆಳೆದದ್ದೆಷ್ಟು, ಹಿಡಿಯಲು ತಕ್ಕ ಗಾತ್ರದ್ದೆಷ್ಟು, ಹಳೆಯ ದೊಡ್ಡ ತಾಯಿಮೀನು ಎಷ್ಟು? ಕೊನೆಯದು ಚಿಲ್ಲರೆ ವಿಷಯವಲ್ಲ. ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಸುಮಾರು 8 ಪಟ್ಟಾಗುತ್ತದೆ, ಮೊಟ್ಟೆಯೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಏರುತ್ತದೆ.

ದಡಕ್ಕೆ ಬಂದ ಟನ್ನುಗಳನ್ನೇ ನೋಡಿದರೆ ಸಾಲದೆ ಎನ್ನಬಹುದು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಭೂತಾಯಿ ಮೀನು (ಸಾರ್ಡೀನ್) ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದರಲ್ಲಿ ಬಲೆಯ ಪಾಲೆಷ್ಟು, ಎಲ್ ನಿನೋ ಎಂಬ ಹವಾಮಾನದ ಏರುಪೇರಿನಿಂದ ಬಿಸಿಯಾದ ನೀರಿನ ಪಾಲೆಷ್ಟು ಎಂಬುದನ್ನು ಟನ್ನಿನ ಲೆಕ್ಕ ಹೇಳುವುದಿಲ್ಲ. ಬಲೆ ತುಂಬಿ ಬರುತ್ತಿದೆ ಎಂದು ನೆಮ್ಮದಿಯಾಗಿರುವಂತೆಯೂ ಇಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕಾಡ್ ಎಂಬ ಜಾತಿಯ ಮೀನು ಕಡಿಮೆಯಾಗುತ್ತಿದ್ದರೂ ಉಳಿದವು ಒಂದೆಡೆ ಗುಂಪುಗೂಡುತ್ತಿದ್ದವು, ಹುಡುಕಿ ಹೋದ ಬೋಟುಗಳಿಗೆ ಚೆನ್ನಾಗಿಯೇ ಸಿಗುತ್ತಿತ್ತು. 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಬಂಗುಡೆಯೂ ಗುಂಪಿನಲ್ಲೇ ತಿರುಗುವ ಮೀನು.

ಅಳತೆಪಟ್ಟಿಯೂ ಮೋಸ ಮಾಡುವುದುಂಟು. ಮರಿ ಚೆನ್ನಾಗಿ ಹುಟ್ಟಿದ ವರ್ಷ ಬುಟ್ಟಿಯಲ್ಲೆಲ್ಲ ಸಣ್ಣ ಮೀನೇ ಇರುತ್ತದೆ. ಅದು ಶುಭ ಲಕ್ಷಣ, ಆದರೆ ಸರಾಸರಿ ಇಳಿದಿರುತ್ತದೆ. ಬಲೆಯ ಕಣ್ಣು ಬದಲಾದರೂ ಹಾಗೇ. ಆದ್ದರಿಂದ ಅದೇ ತಿಂಗಳು, ಅದೇ ಬಗೆಯ ಬಲೆ ಹಿಡಿದು ಹಲವು ವರ್ಷ ಹೋಲಿಸಬೇಕು. ಜೊತೆಗೆ ಬೋಟಿನವರನ್ನು ಕೇಳಬೇಕು: ಅಷ್ಟೇ ಮೀನಿಗೆ ಈಗ ಎಷ್ಟು ದಿನ ಹೆಚ್ಚು ಕಡಲಲ್ಲಿರುತ್ತೀರಿ, ಎಷ್ಟು ಡೀಸೆಲ್ ಸುಡುತ್ತೀರಿ? ನನ್ನ ಮಟ್ಟಿಗೆ ಈ ಎರಡು ಉತ್ತರ ಸೇರಿದರೆ ಅರ್ಧ ರೋಗ ಗೊತ್ತಾದಂತೆ.

ಇಷ್ಟಾದ ಮೇಲೂ ಒಂದು ತೊಡಕು. ಕೇರಳದ ನಿಯಮದಲ್ಲಿ ಬಂಗುಡೆ ಹಿಡಿಯಲು ಕನಿಷ್ಠ ಉದ್ದ 14 ಸೆಂ.ಮೀ. ಆದರೆ ಬಂಗುಡೆ ಮೊಟ್ಟೆ ಕಟ್ಟುವುದು ಸಾಮಾನ್ಯವಾಗಿ 18 ಸೆಂ.ಮೀ. ದಾಟಿದ ಮೇಲೆ. ನಡುವಿನ ಆ ನಾಲ್ಕು ಸೆಂಟಿಮೀಟರಿನ ಮೀನು ಕಾನೂನಿಗೆ ದೊಡ್ಡದು, ಕಡಲಿಗೆ ಇನ್ನೂ ಮರಿ.